ವಿದೇಶಿ ಸಂಗಾತಿಯ ಭೇಟಿ: ವೀಸಾ ಮೊದಲು, ವಿಮಾನ ಟಿಕೆಟ್ ಆಮೇಲೆ

ಬೇರೆ ದೇಶದ ಪ್ರಜೆಯಾದ ಸಂಗಾತಿಯನ್ನು ಕೆಲವು ವಾರಗಳ ಮಟ್ಟಿಗೆ ತಾವಿರುವಲ್ಲಿಗೆ ಕರೆಸಿಕೊಳ್ಳಲು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ನೋಡುವುದು ವಿಮಾನದ ದರವನ್ನು. ಇಬ್ಬರಿಗೂ ರಜೆಯ ದಿನಗಳು ಗೊತ್ತಿರುತ್ತವೆ, ಇವತ್ತಿನ ದರ ನಾಳೆ ಇರಲಾರದೆಂಬ ಆತಂಕವಿರುತ್ತದೆ, ಹೀಗಾಗಿ ಟಿಕೆಟ್ ಕೊಂಡುಬಿಟ್ಟು ಆಮೇಲೆ ವೀಸಾದ ಕಡೆ ಗಮನ ಕೊಟ್ಟರಾಯಿತು ಎನ್ನಿಸುತ್ತದೆ. ಈ ಕ್ರಮ ತಲೆಕೆಳಗಾದದ್ದು. ವೀಸಾ ಸಿಗುತ್ತದೆಯೇ, ಯಾವ ದಿನಾಂಕದಿಂದ ಸಿಗುತ್ತದೆ, ಎಷ್ಟು ದಿನಗಳಿಗೆ ಸಿಗುತ್ತದೆ, ದಾರಿಯಲ್ಲಿ ಯಾವ ನಿಲ್ದಾಣದಲ್ಲಿ ವಿಮಾನ ಬದಲಿಸಲು ಆ ಪಾಸ್‌ಪೋರ್ಟಿಗೆ ಅವಕಾಶವಿದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಟಿಕೆಟಿಗೆ ಹಣ ಕಟ್ಟಬೇಕು. ಕೆಳಗಿನ ಹಂತಗಳನ್ನು ಆ ಕ್ರಮದಲ್ಲಿಯೇ ಬರೆಯಲಾಗಿದೆ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವಾರದಲ್ಲಿ ಆಯಾ ದೇಶದ ಸರ್ಕಾರಿ ಜಾಲತಾಣವನ್ನು ಒಮ್ಮೆ ಓದಿಕೊಳ್ಳುವುದು ಎಲ್ಲ ಹಂತಗಳಿಗೂ ಅನ್ವಯಿಸುವ ಮಾತು.

ಮೊದಲ ಹಂತ: ಪಾಸ್‌ಪೋರ್ಟ್

ಸಂಗಾತಿಯ ಪಾಸ್‌ಪೋರ್ಟಿನ ಮಾಹಿತಿ ಪುಟದ ಸ್ಪಷ್ಟವಾದ ಪ್ರತಿಯನ್ನು ಎದುರಿಗಿಟ್ಟುಕೊಂಡು ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ನೋಡಿ. ಅನೇಕ ದೇಶಗಳು ಪ್ರಯಾಣದ ದಿನಾಂಕದಿಂದ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಪರಸ್ಪರ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆಯಿಲ್ಲದ ಯುರೋಪಿನ 29 ದೇಶಗಳ ಗುಂಪಾದ ಷೆಂಗೆನ್ ವಲಯದ ನಿಯಮ ಸ್ವಲ್ಪ ಬೇರೆ: ವಲಯವನ್ನು ಬಿಟ್ಟು ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳ ಅವಧಿ ಇರಬೇಕು, ಪಾಸ್‌ಪೋರ್ಟನ್ನು ಕಳೆದ 10 ವರ್ಷಗಳೊಳಗೆ ನೀಡಿರಬೇಕು, ಮತ್ತು ವೀಸಾಕ್ಕೆ ಅರ್ಜಿ ಹಾಕುವವರ ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟಗಳಿರಬೇಕು. ಅವಧಿ ಅಂಚಿನಲ್ಲಿದ್ದರೆ ಹೊಸ ಪಾಸ್‌ಪೋರ್ಟ್ ಮಾಡಿಸಿದ ಮೇಲೆಯೇ ಮುಂದುವರಿಯುವುದು ಒಳ್ಳೆಯದು, ಏಕೆಂದರೆ ವೀಸಾ, ಎಲೆಕ್ಟ್ರಾನಿಕ್ ಅನುಮತಿ ಎರಡೂ ಪಾಸ್‌ಪೋರ್ಟಿನ ಸಂಖ್ಯೆಗೆ ಜೋಡಣೆಯಾಗುತ್ತವೆ. ಸಂಖ್ಯೆ ಬದಲಾದರೆ ಎಲೆಕ್ಟ್ರಾನಿಕ್ ಅನುಮತಿಯನ್ನು ಹೊಸದಾಗಿ ಪಡೆಯಬೇಕಾಗುತ್ತದೆ.

ಹೆಸರಿನ ವಿಷಯವನ್ನೂ ಇಲ್ಲಿಯೇ ಇತ್ಯರ್ಥ ಮಾಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮತ್ತೊಂದು ಅಂಕಣ ಖಾಲಿ ಇರುವವರಿಗೆ ಅರ್ಜಿಯಲ್ಲಿಯೂ ಟಿಕೆಟಿನಲ್ಲಿಯೂ ತೊಡಕು ಬರುತ್ತದೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಖಾಲಿ ಇರುವ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (FNU, ‘ಮೊದಲ ಹೆಸರು ತಿಳಿಯದು’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಬರೆಯಬೇಕೆಂಬ ಸೂಚನೆಯಿದೆ. ಟಿಕೆಟಿನಲ್ಲಿ ಹೇಗೆ ಬರೆಯಬೇಕೆಂಬುದನ್ನು ಆಯಾ ವಿಮಾನಯಾನ ಸಂಸ್ಥೆಯನ್ನೇ ಕೇಳಬೇಕು.

ಎರಡನೆಯ ಹಂತ: ಯಾವ ಅನುಮತಿ ಬೇಕು

ಸಂಗಾತಿಯ ಪೌರತ್ವ ಮತ್ತು ಹೋಗಬೇಕಾದ ದೇಶ, ಇವೆರಡನ್ನು ಸೇರಿಸಿ ನೋಡಿದಾಗ ಮೂರರಲ್ಲೊಂದು ಉತ್ತರ ಬರುತ್ತದೆ. ವೀಸಾ ಬೇಡವೇ ಬೇಡ ಎನ್ನುವುದು ಮೊದಲನೆಯದು. ವೀಸಾ ಬೇಡ, ಆದರೆ ಹೊರಡುವ ಮುನ್ನ ಆನ್‌ಲೈನ್ ಅನುಮತಿ ಬೇಕು ಎನ್ನುವುದು ಎರಡನೆಯದು. ಅಮೆರಿಕದ ಎಸ್ಟಾ, ಕೆನಡಾದ ಇಟಿಎ, ಬ್ರಿಟನ್ನಿನ ಇಟಿಎ, ನ್ಯೂಜಿಲೆಂಡಿನ ಎನ್‌ಜೆಡ್‌ಇಟಿಎ ಇವೆಲ್ಲ ಈ ಗುಂಪಿನವು. ಪೂರ್ಣ ಪ್ರಮಾಣದ ವೀಸಾ ಬೇಕೆನ್ನುವುದು ಮೂರನೆಯದು.

ಎರಡನೆಯ ಗುಂಪಿನವರು ಅನುಮತಿಯನ್ನು ಕೊನೆಯ ರಾತ್ರಿಗೆ ಬಿಟ್ಟುಕೊಳ್ಳುವುದುಂಟು. ಎಸ್ಟಾಕ್ಕೆ ಪ್ರಯಾಣಕ್ಕೆ ಕನಿಷ್ಠ 72 ಗಂಟೆ ಮೊದಲೇ ಅರ್ಜಿ ಹಾಕಿ ಎಂದು ಅಲ್ಲಿನ ಸರ್ಕಾರ ಹೇಳುತ್ತದೆ. ನಾನು ಟಿಕೆಟ್ ಕೊಳ್ಳುವುದಕ್ಕೂ ಮೊದಲೇ ಹಾಕಿ ಎನ್ನುತ್ತೇನೆ. ಅದಕ್ಕೆ ಕಾರಣವಿದೆ. ಎಸ್ಟಾ ನಿರಾಕರಣೆಯಾದರೆ ಸಾಮಾನ್ಯ ವೀಸಾಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಬೇಕಾಗುತ್ತದೆ, ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. 2011ರ ಮಾರ್ಚ್ 1ರ ನಂತರ ಇರಾನ್, ಇರಾಕ್, ಸಿರಿಯಾದಂಥ ಕೆಲವು ದೇಶಗಳಿಗೆ ಹೋಗಿಬಂದವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಎಸ್ಟಾ ದೊರೆಯುವುದಿಲ್ಲ. ಈ ನಿಯಮ ಅನೇಕರಿಗೆ ತಿಳಿದೇ ಇರುವುದಿಲ್ಲ. ಸರ್ಕಾರಿ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ಇಂಥ ಅನುಮತಿಗಳಿಗೆ ಹಲವು ಪಟ್ಟು ಶುಲ್ಕ ವಸೂಲು ಮಾಡುತ್ತವೆ, ಆದ್ದರಿಂದ ಹುಡುಕಾಟದಲ್ಲಿ ಮೇಲುಗಡೆ ಬಂದ ಕೊಂಡಿಯನ್ನು ಒತ್ತದೆ ತಾಣದ ವಿಳಾಸವನ್ನು ಓದಿ ನೋಡಿ.

ಷೆಂಗೆನ್ ವಲಯಕ್ಕೆ ಅಲ್ಪಾವಧಿಯ ಭೇಟಿಯೆಂದರೆ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳು. ಈ ಲೆಕ್ಕ ವೀಸಾ ಬೇಕಾದವರಿಗೂ ಬೇಡವಾದವರಿಗೂ ಒಂದೇ. ಸಂಗಾತಿ ಈಗಾಗಲೇ ಆ 180 ದಿನಗಳಲ್ಲಿ ಆ ವಲಯದ ಬೇರೊಂದು ದೇಶಕ್ಕೆ ಹೋಗಿಬಂದಿದ್ದರೆ ಆ ದಿನಗಳೂ ಲೆಕ್ಕಕ್ಕೆ ಬರುತ್ತವೆ. 2025ರ ಅಕ್ಟೋಬರ್ 12ರಿಂದ ಅಲ್ಲಿನ ಗಡಿಗಳಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ಬೆರಳಚ್ಚು, ಮುಖಚಿತ್ರಗಳ ಸಹಿತ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ, ಮೊಹರುಗಳನ್ನು ನೋಡಿ ಕೈಬೆರಳಲ್ಲಿ ಎಣಿಸುತ್ತಿದ್ದ ಕಾಲ ಹೋಗಿದೆ. ಒಂದು ದಿನ ಹೆಚ್ಚಾದರೂ ಅದು ದಾಖಲೆಯಲ್ಲಿ ಉಳಿಯುತ್ತದೆ.

ಮೂರನೆಯ ಹಂತ: ಭೇಟಿಯೋ, ಮದುವೆಯೋ, ನೆಲೆಸುವುದೋ

ಅರ್ಜಿಯ ಮೊದಲ ಅಕ್ಷರ ಬರೆಯುವ ಮುನ್ನ ಇಬ್ಬರೂ ಕೂತು ಪ್ರಾಮಾಣಿಕವಾಗಿ ತೀರ್ಮಾನಿಸಬೇಕಾದ ಪ್ರಶ್ನೆಯಿದು. ಭೇಟಿ ವೀಸಾ ಎಂದರೆ ಬಂದು, ಜೊತೆಗಿದ್ದು, ಹಿಂದಿರುಗುವ ಅನುಮತಿ. ಬಂದ ಮೇಲೆ ಮದುವೆಯಾಗುವ ಇಲ್ಲವೇ ಅಲ್ಲೇ ಉಳಿದುಬಿಡುವ ಯೋಚನೆ ಇದ್ದರೆ ಅದಕ್ಕೆ ಬೇರೆ ವೀಸಾಗಳಿವೆ. ಬ್ರಿಟನ್ನಿನಲ್ಲಿ ಸಾಮಾನ್ಯ ಪ್ರವಾಸಿ ವೀಸಾದ ಮೇಲೆ ಬಂದು ಮದುವೆಯಾಗುವಂತಿಲ್ಲ. ಮದುವೆಯಾಗಿ ಹಿಂದಿರುಗುವವರಿಗೆಂದೇ ವಿವಾಹ ಸಂದರ್ಶಕ ವೀಸಾ ಎಂಬುದಿದೆ. ಅಮೆರಿಕದ ಪ್ರಜೆಯೊಬ್ಬರು ವಿದೇಶದಲ್ಲಿರುವ ನಿಶ್ಚಿತ ವಧುವನ್ನೋ ವರನನ್ನೋ ಮದುವೆಗಾಗಿ ಕರೆಸಿಕೊಳ್ಳುವುದಕ್ಕೆ ಕೆ-1 ವೀಸಾ ಇದೆ. ಅದಕ್ಕೆ ಕೋರಿಕೆ ಸಲ್ಲಿಸುವ ಹಿಂದಿನ ಎರಡು ವರ್ಷಗಳೊಳಗೆ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು, ಬಂದ 90 ದಿನಗಳೊಳಗೆ ಮದುವೆ ನಡೆಯಬೇಕು. ಉದ್ದೇಶ ಒಂದಿದ್ದು ವೀಸಾ ಮತ್ತೊಂದನ್ನು ಕೇಳಿದರೆ, ಗಡಿಯಲ್ಲಿ ಪೆಟ್ಟಿಗೆ ತೆರೆದಾಗ ಸಿಗುವ ಒಂದು ಮದುವೆಯ ಆಮಂತ್ರಣ ಪತ್ರಿಕೆಯೇ ಸಂಗಾತಿಯನ್ನು ಅದೇ ದಿನ ವಾಪಸು ಕಳಿಸಲು ಸಾಕಾಗುತ್ತದೆ.

ಅದೇ ರೀತಿ, ಭೇಟಿಯ ವೀಸಾದಲ್ಲಿದ್ದು ಸ್ಥಳೀಯವಾಗಿ ಸಂಬಳಕ್ಕೆ ದುಡಿಯುವಂತಿಲ್ಲ.

ನಾಲ್ಕನೆಯ ಹಂತ: ಕಡತ

ವೀಸಾ ಅಧಿಕಾರಿಗೆ ನಿಮ್ಮಿಬ್ಬರ ಪ್ರೀತಿಯನ್ನು ಅಳೆಯುವ ಕೆಲಸವಿಲ್ಲ. ಆತ ತಿಳಿಯಬಯಸುವುದು ಯಾರು ಬರುತ್ತಿದ್ದಾರೆ, ಏಕೆ, ಎಲ್ಲಿ ಉಳಿಯುತ್ತಾರೆ, ಖರ್ಚು ಯಾರದು ಮತ್ತು ಅವಧಿ ಮುಗಿದಾಗ ಹಿಂದಿರುಗಲು ಕಾರಣವೇನಿದೆ ಎಂಬುದನ್ನು. ಕಡತದ ಪ್ರತಿಯೊಂದು ಕಾಗದವೂ ಈ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಡಬೇಕು. ಆಹ್ವಾನ ಪತ್ರದಲ್ಲಿ ಮೂರು ವಾರ, ಉದ್ಯೋಗದಾತರ ರಜೆಯ ಪತ್ರದಲ್ಲಿ ಎರಡು ವಾರ, ವಿಮೆಯಲ್ಲಿ ಒಂದು ತಿಂಗಳು ಎಂದಿದ್ದರೆ ಅವುಗಳಲ್ಲಿ ಯಾವುದೂ ಸುಳ್ಳಲ್ಲದಿದ್ದರೂ ಒಟ್ಟಾರೆ ಅರ್ಜಿ ನಂಬಿಕೆ ಕಳೆದುಕೊಳ್ಳುತ್ತದೆ. ಎಲ್ಲ ಕಾಗದಗಳು ಸಿದ್ಧವಾದ ಮೇಲೆ ದಿನಾಂಕ, ಹೆಸರು, ವಿಳಾಸಗಳನ್ನು ಮಾತ್ರ ಗಮನಿಸುತ್ತ ಒಮ್ಮೆ ಓದುವುದಕ್ಕೆ ಒಂದು ಸಂಜೆಯನ್ನು ಮೀಸಲಿಡಿ.

ಆಹ್ವಾನ ಪತ್ರವನ್ನು ಕರೆಸಿಕೊಳ್ಳುವವರು ತಮ್ಮ ಮಾತಿನಲ್ಲಿಯೇ ಬರೆಯಬೇಕು. ತಮ್ಮ ಪೂರ್ಣ ಹೆಸರು, ವಿಳಾಸ, ಉದ್ಯೋಗ, ಆ ದೇಶದಲ್ಲಿ ತಮಗಿರುವ ಸ್ಥಾನಮಾನ, ಸಂಗಾತಿಯ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಇಬ್ಬರ ಪರಿಚಯ ಯಾವಾಗ ಹೇಗೆ ಆಯಿತು, ಈ ಹಿಂದೆ ಎಲ್ಲಿ ಭೇಟಿಯಾಗಿದ್ದಾರೆ, ಈಗ ಯಾವ ದಿನದಿಂದ ಯಾವ ದಿನದವರೆಗೆ ಬರುತ್ತಿದ್ದಾರೆ, ವಸತಿ ಎಲ್ಲಿ, ಯಾವ ಖರ್ಚನ್ನು ಯಾರು ಭರಿಸುತ್ತಾರೆ ಎಂಬಷ್ಟು ವಿವರ ಒಂದು ಪುಟದಲ್ಲಿ ಬಂದರೆ ಸಾಕು. ಪ್ರೇಮ ಸಂಬಂಧವನ್ನು ‘ಸ್ನೇಹಿತರು’ ಎಂದು ಮರೆಮಾಚುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಅದನ್ನು ದಯವಿಟ್ಟು ಪಾಲಿಸಬೇಡಿ. ಸಂಬಂಧವಿರುವುದು ಅಪರಾಧವಲ್ಲ, ಸಂದರ್ಶನದಲ್ಲಿ ಅಥವಾ ಗಡಿಯಲ್ಲಿ ಫೋನಿನ ಸಂದೇಶಗಳು ಬೇರೆಯೇ ಕಥೆ ಹೇಳಿದಾಗ ಸುಳ್ಳು ಹೇಳಿದ್ದು ಮಾತ್ರ ಅಪರಾಧವಾಗುತ್ತದೆ. ತಪ್ಪು ಮಾಹಿತಿ ಕೊಟ್ಟು ವೀಸಾ ಪಡೆಯಲು ಯತ್ನಿಸಿದರೆ ಕೆನಡಾದಲ್ಲಿ ಐದು ವರ್ಷ, ಬ್ರಿಟನ್ನಿನಲ್ಲಿ 10 ವರ್ಷ ಪ್ರವೇಶಕ್ಕೆ ತಡೆ ಬೀಳಬಹುದು. ಅಮೆರಿಕದಲ್ಲಿ ಅದು ಆಜೀವ ಅನರ್ಹತೆಯೂ ಆಗಬಹುದು.

ಕೆಲವು ದೇಶಗಳಲ್ಲಿ ಖಾಸಗಿ ಪತ್ರವಷ್ಟೇ ಸಾಲುವುದಿಲ್ಲ. ಫ್ರಾನ್ಸಿನಲ್ಲಿ ಅತಿಥಿಯನ್ನು ಮನೆಯಲ್ಲಿ ಇರಿಸಿಕೊಳ್ಳುವವರು ಸ್ಥಳೀಯ ಪುರಸಭೆಯ ಕಚೇರಿಯಿಂದ ಆತಿಥ್ಯದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಜರ್ಮನಿಯಲ್ಲಿ ಅತಿಥಿಯ ಖರ್ಚನ್ನು ವಹಿಸಿಕೊಳ್ಳುವವರು ವಿದೇಶೀಯರ ಕಚೇರಿಯಲ್ಲಿ ಆದಾಯದ ದಾಖಲೆ ತೋರಿಸಿ ಕಾನೂನುಬದ್ಧ ಹೊಣೆಪತ್ರಕ್ಕೆ ಸಹಿ ಹಾಕಬೇಕು. ಅತಿಥಿಯ ವೈದ್ಯಕೀಯ ವೆಚ್ಚ, ಗಡೀಪಾರಿನ ವೆಚ್ಚ ಕೂಡ ಆ ಸಹಿಯ ವ್ಯಾಪ್ತಿಗೆ ಬರುತ್ತವೆಂಬುದನ್ನು ತಿಳಿದೇ ಸಹಿ ಹಾಕಬೇಕು. ಜಪಾನಿಗೆ ಕರೆಸಿಕೊಳ್ಳುವವರು ಆಹ್ವಾನದ ಕಾರಣ ತಿಳಿಸುವ ಪತ್ರ, ದಿನವಾರು ವೇಳಾಪಟ್ಟಿ, ಖರ್ಚು ತಾವೇ ವಹಿಸುವುದಾದರೆ ಹೊಣೆಗಾರಿಕೆಯ ಪತ್ರ ಇವುಗಳನ್ನು ನಿಗದಿತ ನಮೂನೆಯಲ್ಲಿ ಕಳಿಸಬೇಕು. ಇವಕ್ಕೆಲ್ಲ ಭೇಟಿಯ ಸಮಯ ಸಿಗಲು, ಮೂಲ ಪ್ರತಿ ಅಂಚೆಯಲ್ಲಿ ಸಂಗಾತಿಯನ್ನು ತಲುಪಲು ದಿನಗಳು ಬೇಕು. ಅಮೆರಿಕದ ಪ್ರವಾಸಿ ವೀಸಾದಲ್ಲಿ ಇದಕ್ಕೆ ವಿರುದ್ಧವಾದ ಪರಿಸ್ಥಿತಿ: ಅಲ್ಲಿ ಆಹ್ವಾನ ಪತ್ರ ಕಡ್ಡಾಯವೂ ಅಲ್ಲ, ನಿರ್ಣಾಯಕವೂ ಅಲ್ಲ. ಅಲ್ಲಿನ ವಲಸೆ ಕಾನೂನಿನ 214(ಬಿ) ವಿಧಿ, ಅರ್ಜಿದಾರರು ನೆಲೆಸಲೆಂದೇ ಬರುತ್ತಿದ್ದಾರೆ ಎಂಬ ಊಹೆಯಿಂದಲೇ ಶುರುವಾಗುತ್ತದೆ. ಹಾಗಲ್ಲವೆಂದು ಮನವರಿಕೆ ಮಾಡಿಕೊಡುವ ಭಾರ ಅರ್ಜಿದಾರರ ಮೇಲಿದೆ. ಡಿಎಸ್-160 ಎಂಬ ವೀಸಾ ಅರ್ಜಿ ನಮೂನೆಯಲ್ಲಿ ಬರೆದದ್ದು ಮತ್ತು ಕೆಲವೇ ನಿಮಿಷಗಳ ಸಂದರ್ಶನದಲ್ಲಿ ಹೇಳಿದ್ದು, ಇವೆರಡರ ಮೇಲೆಯೇ ಬಹುಪಾಲು ತೀರ್ಮಾನ ನಿಂತಿರುತ್ತದೆ.

ಹಿಂದಿರುಗುವ ಕಾರಣವನ್ನು ತೋರಿಸುವ ದಾಖಲೆಗಳೆಂದರೆ ಉದ್ಯೋಗದ ಪತ್ರ ಮತ್ತು ಮಂಜೂರಾದ ರಜೆ, ಓದುತ್ತಿರುವವರಿಗೆ ವಿದ್ಯಾಲಯದ ದೃಢೀಕರಣ, ಸ್ವಂತ ವ್ಯವಹಾರವಿದ್ದರೆ ತೆರಿಗೆ ದಾಖಲೆ, ಮನೆ ಅಥವಾ ಬಾಡಿಗೆ ಕರಾರು, ಅವಲಂಬಿತರಾದ ಮಕ್ಕಳು ಅಥವಾ ತಂದೆತಾಯಿಗಳು ಇದ್ದರೆ ಅದರ ವಿವರ. ಹಣದ ದಾಖಲೆಗೆ ಸಾಮಾನ್ಯವಾಗಿ ಕಳೆದ ಮೂರರಿಂದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅರ್ಜಿಗೆ ಹಿಂದಿನ ವಾರ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಹಾಕುವುದು ಸಹಾಯಕ್ಕಿಂತ ಸಂಶಯಕ್ಕೇ ದಾರಿ ಮಾಡುತ್ತದೆ. ನೀವು ಖರ್ಚು ವಹಿಸುವುದಾದರೆ ಹಣವನ್ನು ಸಂಗಾತಿಯ ಖಾತೆಗೆ ತುಂಬುವ ಬದಲು ನಿಮ್ಮದೇ ಆದಾಯದ ದಾಖಲೆಯನ್ನು ನಿಮ್ಮ ಹೆಸರಿನಲ್ಲಿಯೇ ಲಗತ್ತಿಸುವುದು ನೇರವಾದ ಮಾರ್ಗ. ಷೆಂಗೆನ್ ವೀಸಾಕ್ಕೆ ಇದರ ಮೇಲೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಅದು ವಾಸ್ತವ್ಯದ ಎಲ್ಲ ದಿನಗಳಿಗೂ ವಲಯದ ಎಲ್ಲ ದೇಶಗಳಿಗೂ ಅನ್ವಯವಾಗುವಂತಿರಬೇಕು.

ಸಮಯದ ಲೆಕ್ಕವೂ ಕಡತದ ಭಾಗವೇ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಗಳಿಗಿಂತ ತಡವಾಗಿಯೂ ಹಾಕುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಹಿಡಿಯುತ್ತದೆ. ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಆದರೆ ಈ ದಿನಗಳೆಲ್ಲ ಅರ್ಜಿ ಒಪ್ಪಿಸಿದ ಮೇಲಿನ ಎಣಿಕೆ. ಒಪ್ಪಿಸಲು ಸಿಗುವ ಭೇಟಿಯ ದಿನಾಂಕವೇ ಎಷ್ಟೋ ನಗರಗಳಲ್ಲಿ ದೂರದಲ್ಲಿರುತ್ತದೆ, ಹಾಗಾಗಿ ಮೊದಲು ಹುಡುಕಬೇಕಾದದ್ದು ಆ ದಿನಾಂಕವನ್ನು.

ಐದನೆಯ ಹಂತ: ವೀಸಾಕ್ಕೆ ಮುನ್ನ ಕೇಳುವ ‘ಟಿಕೆಟ್’ ಯಾವುದು

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಅರ್ಜಿಯ ಪಟ್ಟಿಯಲ್ಲಿ ‘ಹೋಗಿಬರುವ ವಿಮಾನ ಟಿಕೆಟ್’ ಎಂದು ಕಂಡೊಡನೆ ಹಣ ಕಟ್ಟಿ ಕೊಂಡುಬಿಡುವವರಿದ್ದಾರೆ. ದೇಶದಿಂದ ದೇಶಕ್ಕೆ ಇದರ ಅರ್ಥ ಬೇರೆ. ಅಮೆರಿಕದ ವಿದೇಶಾಂಗ ಇಲಾಖೆ, ವೀಸಾ ಕೈಗೆ ಬರುವವರೆಗೆ ಪ್ರಯಾಣದ ಅಂತಿಮ ಸಿದ್ಧತೆ ಮಾಡಬೇಡಿ, ಟಿಕೆಟ್ ಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಬ್ರಿಟನ್ ಸರ್ಕಾರದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಬೇರೆಡೆಗೆ ಹೋಗುವ ದಾರಿಯಲ್ಲಿ ಹಾದುಹೋಗುವವರನ್ನು ಬಿಟ್ಟರೆ ವಿಮಾನದ ಬುಕಿಂಗ್ ಮತ್ತು ಹೋಟೆಲ್ ಬುಕಿಂಗನ್ನು ಕಳಿಸಬೇಕಾಗಿಲ್ಲದ ಕಾಗದಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಷೆಂಗೆನ್ ಅರ್ಜಿಗಳಲ್ಲಿ ಬುಕಿಂಗ್‌ನ ದಾಖಲೆ ಬೇಕಾಗುತ್ತದೆ, ಆದರೆ ಅದು ಕಾಯ್ದಿರಿಸಿದ ದಾಖಲೆಯಾದರೆ ಸಾಕು. ಪೂರ್ತಿ ಹಣ ತೆತ್ತ ಟಿಕೆಟೇ ಆಗಬೇಕೆಂದಿಲ್ಲ.

ಕಾಯ್ದಿರಿಸುವಿಕೆ ಮತ್ತು ಟಿಕೆಟ್ ಎರಡೂ ಒಂದೇ ಅಲ್ಲ. ಕಾಯ್ದಿರಿಸಿದಾಗ ಆರು ಅಕ್ಷರ ಅಥವಾ ಅಂಕಿಗಳ ಪಿಎನ್‌ಆರ್ ಸಿಗುತ್ತದೆ. ಹಣ ಸಂದಾಯವಾಗಿ ಟಿಕೆಟ್ ಹೊರಬಿದ್ದಾಗ 13 ಅಂಕಿಗಳ ಇ-ಟಿಕೆಟ್ ಸಂಖ್ಯೆ ಬರುತ್ತದೆ, ಅದರ ಮೊದಲ ಮೂರು ಅಂಕಿಗಳು ವಿಮಾನಯಾನ ಸಂಸ್ಥೆಯನ್ನು ಸೂಚಿಸುತ್ತವೆ. ಈ ವ್ಯತ್ಯಾಸ ತಿಳಿದವರಿಗೆ ತಮಗೆ ಬೇಕಾದುದನ್ನು ಕೇಳಿ ಪಡೆಯುವುದು ಸುಲಭ. ಕೆಲವು ಸಂಸ್ಥೆಗಳು ಸಣ್ಣ ಶುಲ್ಕಕ್ಕೆ ಎರಡು ಮೂರು ದಿನ ದರವನ್ನು ಹಿಡಿದಿಡುತ್ತವೆ. ನಂಬಿಕಸ್ಥ ಟ್ರಾವೆಲ್ ಏಜೆಂಟರು ನಿಜವಾದ ಬುಕಿಂಗನ್ನು ಕೆಲವು ದಿನ ಇರಿಸಬಲ್ಲರು. ಪೂರ್ಣ ಮರುಪಾವತಿಯ ಟಿಕೆಟ್ ದುಬಾರಿಯಾದರೂ ವೀಸಾ ಸಿಗದಿದ್ದಾಗ ಹಣ ವಾಪಸಾಗುತ್ತದೆ. ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ವಿಮಾನಗಳಿಗೆ, ಹೊರಡುವುದಕ್ಕೆ ಏಳು ದಿನ ಅಥವಾ ಹೆಚ್ಚು ಸಮಯವಿರುವಾಗ ಸಂಸ್ಥೆಯಿಂದಲೇ ನೇರವಾಗಿ ಕೊಂಡರೆ, 24 ಗಂಟೆಗಳೊಳಗೆ ದಂಡವಿಲ್ಲದೆ ರದ್ದುಮಾಡುವ ಇಲ್ಲವೇ ಹಣ ಕಟ್ಟದೆ 24 ಗಂಟೆ ದರ ಹಿಡಿದಿಡುವ ಅವಕಾಶ ಅಲ್ಲಿನ ಸಾರಿಗೆ ಇಲಾಖೆಯ ನಿಯಮದಲ್ಲಿದೆ. ನಕಲಿ ಬುಕಿಂಗ್ ಪತ್ರ ತಯಾರಿಸಿ ಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಪಿಎನ್‌ಆರ್ ಅನ್ನು ಸಂಸ್ಥೆಯ ತಾಣದಲ್ಲಿ ಹಾಕಿ ನೋಡಲು ಅಧಿಕಾರಿಗೆ ಅರ್ಧ ನಿಮಿಷ ಸಾಕು, ಆಮೇಲೆ ಅದು ಟಿಕೆಟಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ಸುಳ್ಳು ದಾಖಲೆಯ ಪ್ರಶ್ನೆಯಾಗುತ್ತದೆ.

ಆರನೆಯ ಹಂತ: ದಾರಿಯಲ್ಲಿನ ದೇಶಗಳು

ವೀಸಾ ಸಿಕ್ಕಿತೆಂದರೂ ಯಾವ ದಾರಿಯಲ್ಲಿ ಬೇಕಾದರೂ ಬರಬಹುದೆಂದಲ್ಲ. ಅಮೆರಿಕದ ನಿಲ್ದಾಣದಲ್ಲಿ ವಿಮಾನ ಬದಲಿಸಿ ಮೂರನೆಯ ದೇಶಕ್ಕೆ ಹೋಗುವವರು ಸಹ ಅಲ್ಲಿನ ವಲಸೆ ತಪಾಸಣೆಯನ್ನು ದಾಟಲೇಬೇಕು, ಅಂದರೆ ಬಹುತೇಕ ಎಲ್ಲರಿಗೂ ಎಸ್ಟಾ ಅಥವಾ ವೀಸಾ ಬೇಕು. ಬ್ರಿಟನ್ನಿನಲ್ಲಿ ಕೆಲವು ದೇಶಗಳ ಪ್ರಜೆಗಳಿಗೆ ನಿಲ್ದಾಣದ ಒಳಗೇ ವಿಮಾನ ಬದಲಿಸಲೂ ಪ್ರತ್ಯೇಕ ವೀಸಾ ಬೇಕಾಗುತ್ತದೆ. ಷೆಂಗೆನ್ ವಲಯದ ಯಾವುದೇ ನಿಲ್ದಾಣದ ಮೂಲಕ ಹಾದುಹೋಗಲು ವೀಸಾ ಬೇಕಾದ 12 ದೇಶಗಳ ಸಾಮಾನ್ಯ ಪಟ್ಟಿಯೊಂದಿದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಇರಾನ್, ನೈಜೀರಿಯಾ, ಘಾನಾ, ಇಥಿಯೋಪಿಯಾ ಅದರಲ್ಲಿವೆ. ಕೆಲವು ಸದಸ್ಯ ದೇಶಗಳು ಈ ಪಟ್ಟಿಗೆ ತಮ್ಮದೇ ಹೆಸರುಗಳನ್ನು ಸೇರಿಸಿಕೊಂಡಿವೆ. ಇನ್ನು, ಆ ವಲಯದೊಳಗೆ ಎರಡು ನಿಲ್ದಾಣಗಳಲ್ಲಿ ವಿಮಾನ ಬದಲಿಸುವ ದಾರಿಯಾದರೆ ಎರಡನೆಯ ಹಾರಾಟ ದೇಶದೊಳಗಿನ ಪ್ರಯಾಣದಂತೆ ಲೆಕ್ಕವಾಗಿ, ವೀಸಾ ಬೇಕಾದ ಪ್ರಜೆಗಳಿಗೆ ಪೂರ್ಣ ಷೆಂಗೆನ್ ವೀಸಾವೇ ಬೇಕಾಗುತ್ತದೆ.

ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಿಕೊಂಡು ಬರುವುದು ಇದೇ ಕಾರಣಕ್ಕೆ ಅಪಾಯಕಾರಿ. ಹಾಗೆ ಬಂದಾಗ ಸಾಮಾನ್ಯವಾಗಿ ನಡುವಿನ ನಿಲ್ದಾಣದಲ್ಲಿ ಸಾಮಾನು ಇಳಿಸಿಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ, ಹೊರಗೆ ಬರಬೇಕಾದರೆ ಆ ದೇಶದ ಪ್ರವೇಶಾನುಮತಿ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದರ ಹೊಣೆಯನ್ನು ಯಾವ ಸಂಸ್ಥೆಯೂ ಹೊರುವುದಿಲ್ಲ. ಮೊದಲ ಬಾರಿಗೆ ವಿದೇಶ ಪ್ರಯಾಣ ಮಾಡುತ್ತಿರುವ ಸಂಗಾತಿಗೆ ಒಂದೇ ಟಿಕೆಟಿನ ಮೇಲೆ, ಆದಷ್ಟು ನೇರವಾದ ಅಥವಾ ಒಂದೇ ನಿಲುಗಡೆಯ ಹಾರಾಟವನ್ನು ಆರಿಸುವುದು ತುಸು ಹೆಚ್ಚು ಖರ್ಚಿನದಾದರೂ ಸರಿಯಾದ ಆಯ್ಕೆ.

ಏಳನೆಯ ಹಂತ: ಟಿಕೆಟ್ ಕೊಳ್ಳುವುದು

ವೀಸಾ ಬಂದ ಕೂಡಲೇ ಅದರ ಮೇಲಿನ ಪ್ರತಿ ಅಕ್ಷರವನ್ನು ಓದಿ: ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ದಿನಗಳ ವಾಸ್ತವ್ಯ, ಎಷ್ಟು ಬಾರಿ ಪ್ರವೇಶ. ಒಂದೇ ಪ್ರವೇಶದ ವೀಸಾ ಇರುವವರು ನಡುವೆ ಪಕ್ಕದ ದೇಶಕ್ಕೆ ಹೋಗಿಬರುವ ಯೋಜನೆ ಹಾಕಿದರೆ ಹಿಂದಿರುಗಿ ಒಳಬರಲಾಗದು. ತಪ್ಪು ಕಂಡರೆ ಆಗಲೇ ತಿದ್ದಿಸಿಕೊಳ್ಳಬೇಕು.

ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೂ ಸೇರದ ಮದುವೆಯ ನಂತರದ ಹೆಸರು ಯಾವುದೂ ಬೇಡ. ಹೋಗಿಬರುವ ಟಿಕೆಟ್ ಅಥವಾ ಮುಂದಿನ ದೇಶಕ್ಕೆ ಹೊರಡುವ ಟಿಕೆಟ್ ಇರಲಿ, ಏಕೆಂದರೆ ಭೇಟಿಗೆ ಬರುವವರು ಹೊರಡುವ ಟಿಕೆಟ್ ತೋರಿಸಬೇಕೆಂಬ ನಿಯಮ ಅನೇಕ ದೇಶಗಳಲ್ಲಿದೆ. ಈ ತಪಾಸಣೆಯನ್ನು ಮೊದಲು ಮಾಡುವವರು ಚೆಕ್-ಇನ್ ಕೌಂಟರಿನ ಸಿಬ್ಬಂದಿ. ದಾಖಲೆಗಳು ಸರಿಯಿಲ್ಲದ ಪ್ರಯಾಣಿಕರನ್ನು ಕರೆತಂದರೆ ವಿಮಾನಯಾನ ಸಂಸ್ಥೆ ದಂಡ ತೆರಬೇಕಾಗುತ್ತದೆ, ಅವರನ್ನು ತಾನೇ ವಾಪಸು ಕೊಂಡೊಯ್ಯಬೇಕಾಗುತ್ತದೆ. ಆದ್ದರಿಂದ ಕೌಂಟರಿನ ಸಿಬ್ಬಂದಿ ಆಯಾ ದೇಶದ ಪ್ರವೇಶ ನಿಯಮಗಳಿರುವ ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ನೋಡಿ ಅದು ಹೇಳಿದಂತೆಯೇ ನಡೆಯುತ್ತಾರೆ. ಹಲವು ವಿಮಾನಯಾನ ಸಂಸ್ಥೆಗಳ ತಾಣಗಳಲ್ಲಿ ಇದೇ ಮಾಹಿತಿಯನ್ನು ಪ್ರಯಾಣಿಕರೂ ಮುಂಚಿತವಾಗಿ ನೋಡಿಕೊಳ್ಳಬಹುದು.

ನೀವು ನಿಮ್ಮ ಕಾರ್ಡಿನಿಂದ ಸಂಗಾತಿಗೆ ಟಿಕೆಟ್ ಕೊಳ್ಳುತ್ತಿದ್ದರೆ ಸಂಸ್ಥೆಯ ನಿಯಮವನ್ನು ಓದಿ. ಪ್ರಯಾಣಿಕರದಲ್ಲದ ಕಾರ್ಡಿನಿಂದ ಕೊಂಡಾಗ ಕೆಲವು ಸಂಸ್ಥೆಗಳು ಕಾರ್ಡ್ ತೋರಿಸಲು ಅಥವಾ ಮಾಲೀಕರ ಒಪ್ಪಿಗೆ ಪತ್ರ ತರಲು ಕೇಳುತ್ತವೆ. ಒಂದೇ ಟಿಕೆಟಿನ ಮೊದಲ ಹಾರಾಟಕ್ಕೆ ಹಾಜರಾಗದಿದ್ದರೆ ಉಳಿದವೆಲ್ಲ ರದ್ದಾಗುವುದು ಸಾಮಾನ್ಯ ನಿಯಮ ಎಂಬುದೂ ನೆನಪಿರಲಿ. ಹಳದಿ ಜ್ವರದ ಅಪಾಯವಿರುವ ದೇಶದಿಂದ ಬರುವವರು ಅಥವಾ ಅಂಥ ದೇಶದ ಮೂಲಕ ಹಾದು ಬರುವವರು ಲಸಿಕೆಯ ಪ್ರಮಾಣಪತ್ರ ಬೇಕೇ ಎಂದು ನೋಡಬೇಕು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ.

ಇನ್ನೂ ಭೇಟಿಯಾಗದ ಸಂಗಾತಿ ಹಣ ಕೇಳಿದಾಗ

ಆನ್‌ಲೈನ್ ಪರಿಚಯದಿಂದ ಬೆಳೆದ ಸಂಬಂಧಗಳಲ್ಲಿ ಎಷ್ಟೋ ಪ್ರಾಮಾಣಿಕವಾದವು ಇವೆ, ಅವರಿಗೆ ಮೇಲಿನ ಹಂತಗಳೇ ಸಾಕು. ಆದರೆ ವೀಸಾ ಮತ್ತು ಟಿಕೆಟ್ ಎಂಬ ಎರಡು ಪದಗಳನ್ನೇ ಬಂಡವಾಳ ಮಾಡಿಕೊಂಡ ವಂಚನೆಯೂ ವ್ಯಾಪಕವಾಗಿದೆ, ಮತ್ತು ಅದಕ್ಕೆ ಬಲಿಯಾದವರು ಹಣಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ಭಾಗವನ್ನು ಯಾರೂ ತಮಗೆ ಬೇಡವೆಂದು ದಾಟಿಹೋಗಬಾರದು.

ಅದರ ನಡೆ ಬಹುಮಟ್ಟಿಗೆ ಒಂದೇ ತೆರನಾದದ್ದು. ಮೊದಲು ವೀಸಾ ಶುಲ್ಕ ಕೇಳುತ್ತಾರೆ. ಅದು ಬಂದ ಮೇಲೆ ಟಿಕೆಟಿನ ಹಣ. ಹೊರಡುವ ಹಿಂದಿನ ದಿನ, ಖಾತೆಯಲ್ಲಿ ಇಷ್ಟು ಹಣ ತೋರಿಸದಿದ್ದರೆ ವಿಮಾನ ಹತ್ತಲು ಬಿಡುವುದಿಲ್ಲ ಎಂಬ ಸುದ್ದಿ ಬರುತ್ತದೆ. ಇದನ್ನು ‘ಬೇಸಿಕ್ ಟ್ರಾವೆಲ್ ಅಲೋವನ್ಸ್’ ಅಥವಾ ‘ಬಿಟಿಎ’ ಎಂದು ಕರೆದು ಸರ್ಕಾರಿ ನಿಯಮದಂತೆ ಹೇಳುತ್ತಾರೆ. ಅಮೆರಿಕಕ್ಕೆ ಹೋಗಲು ಅಂಥ ನಿಯಮವೇ ಇಲ್ಲ. ಅದೂ ಆದ ಮೇಲೆ ವಿಮಾನ ನಿಲ್ದಾಣದಲ್ಲಿ ಬಂಧನ, ಕಸ್ಟಮ್ಸ್ ದಂಡ, ದಾರಿಯಲ್ಲಿ ಅಪಘಾತ, ಆಸ್ಪತ್ರೆ. ಪ್ರತಿ ಬಾರಿಯೂ ಇದೇ ಕೊನೆಯ ಅಡ್ಡಿ ಎಂಬ ಮಾತಿರುತ್ತದೆ.

ಪರೀಕ್ಷಿಸುವ ಮಾರ್ಗಗಳು ಸರಳವಾಗಿವೆ. ಎಲ್ಲ ದೇಶಗಳ ವೀಸಾ ಶುಲ್ಕವೂ ರಾಯಭಾರ ಕಚೇರಿಗಳ ತಾಣದಲ್ಲಿ ಪ್ರಕಟವಾಗಿರುತ್ತದೆ. ಕೇಳಿದ ಮೊತ್ತ ಅದಕ್ಕಿಂತ ಬಹಳ ಹೆಚ್ಚಿದ್ದರೆ ಕಾರಣ ಕೇಳಿ. ಯಾವ ರಾಯಭಾರ ಕಚೇರಿಯೂ ಖಾಸಗಿ ವ್ಯಕ್ತಿಯ ಖಾತೆಗೆ, ಗಿಫ್ಟ್ ಕಾರ್ಡಿನಲ್ಲಿ ಅಥವಾ ಕ್ರಿಪ್ಟೋ ಕರೆನ್ಸಿಯಲ್ಲಿ ಶುಲ್ಕ ಕಟ್ಟಿಸಿಕೊಳ್ಳುವುದಿಲ್ಲ. ಅರ್ಜಿಯ ಸಂಖ್ಯೆ, ಭೇಟಿಯ ದಿನಾಂಕದ ದೃಢೀಕರಣ ಕಳಿಸಲು ಹೇಳಿ. ಅಮೆರಿಕದ ವೀಸಾ ಅರ್ಜಿಯ ಸ್ಥಿತಿಯನ್ನು ಅರ್ಜಿದಾರರು ಸರ್ಕಾರಿ ತಾಣದಲ್ಲಿ ನೋಡಬಲ್ಲರು, ಅದನ್ನು ವಿಡಿಯೋ ಕರೆಯಲ್ಲಿ ನಿಮ್ಮೆದುರಿಗೇ ತೆರೆದು ತೋರಿಸುವಂತೆ ಕೇಳಬಹುದು. ಟಿಕೆಟ್ ಕೊಂಡಿದ್ದೇನೆ ಎಂದು ಚಿತ್ರ ಕಳಿಸಿದರೆ ಅದರಲ್ಲಿರುವ ಪಿಎನ್‌ಆರ್ ಮತ್ತು ಕೊನೆಯ ಹೆಸರನ್ನು ವಿಮಾನಯಾನ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿ. ಟಿಕೆಟಿಗೆ ನೆರವಾಗಬೇಕೆನ್ನಿಸಿದರೆ ನಗದು ಕಳಿಸದೆ, ವೀಸಾ ಬಂದ ಮೇಲೆ, ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ, ಸಂಸ್ಥೆಯಿಂದಲೇ ನೇರವಾಗಿ, ರದ್ದಾದರೆ ನಿಮ್ಮ ಕಾರ್ಡಿಗೇ ಹಣ ಮರಳುವಂಥ ಟಿಕೆಟನ್ನು ನೀವೇ ಕೊಳ್ಳಿ. ಪ್ರಾಮಾಣಿಕ ಸಂಗಾತಿಗೆ ಇದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಹಣವೇ ಬೇಕು, ಟಿಕೆಟ್ ಬೇಡ ಎಂಬ ಹಟ ಕಂಡರೆ ಅಲ್ಲಿಗೆ ನಿಲ್ಲಿಸಿ, ಮೊದಲು ನೀವೇ ಅವರ ದೇಶಕ್ಕೆ ಅಥವಾ ಇಬ್ಬರಿಗೂ ವೀಸಾ ಸುಲಭವಿರುವ ಮೂರನೆಯ ದೇಶಕ್ಕೆ ಹೋಗಿ ಭೇಟಿಯಾಗುವ ಸಾಧ್ಯತೆಯನ್ನು ಯೋಚಿಸಿ.

ಎಂಟನೆಯ ಹಂತ: ಗಡಿಯಲ್ಲಿ, ಮತ್ತು ನಂತರ

ವೀಸಾ ಇದ್ದಮಾತ್ರಕ್ಕೆ ಪ್ರವೇಶ ಖಚಿತವಲ್ಲ, ಕೊನೆಯ ತೀರ್ಮಾನ ಗಡಿಯ ಅಧಿಕಾರಿಯದು. ಸಂಗಾತಿ ತನ್ನ ಕೈಚೀಲದಲ್ಲಿಯೇ ಆಹ್ವಾನ ಪತ್ರ, ನಿಮ್ಮ ವಿಳಾಸ ಮತ್ತು ದೂರವಾಣಿ ಸಂಖ್ಯೆ, ಹಿಂದಿರುಗುವ ಟಿಕೆಟ್, ವಿಮೆ, ಹಣದ ದಾಖಲೆ ಇವುಗಳ ಮುದ್ರಿತ ಪ್ರತಿಗಳನ್ನು ಇಟ್ಟುಕೊಳ್ಳಲಿ. ಫೋನಿನ ಬ್ಯಾಟರಿ ಮುಗಿದಿರುವ ಗಳಿಗೆಯಲ್ಲಿಯೇ ಅವು ಬೇಕಾಗಬಹುದು. ಅಧಿಕಾರಿಗಳು ಕೆಲವೊಮ್ಮೆ ಕರೆಸಿಕೊಂಡವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಹೀಗಾಗಿ ವಿಮಾನ ಇಳಿಯುವ ವೇಳೆಗೆ ನಿಮ್ಮ ಫೋನ್ ಕೈಯಲ್ಲಿರಲಿ, ಅಪರಿಚಿತ ಸಂಖ್ಯೆಯಿಂದ ಬಂದರೂ ಉತ್ತರಿಸಿ.

ಒಳಬಂದ ದಿನವೇ ಎಷ್ಟು ದಿನಗಳ ವಾಸ್ತವ್ಯಕ್ಕೆ ಅನುಮತಿ ಸಿಕ್ಕಿದೆ ಎಂದು ನೋಡಿ. ಅಮೆರಿಕದಲ್ಲಿ ಇದು ವೀಸಾದ ಮೇಲಲ್ಲ, ಐ-94 ಎಂಬ ಆನ್‌ಲೈನ್ ದಾಖಲೆಯಲ್ಲಿರುತ್ತದೆ. ವೀಸಾ ಹತ್ತು ವರ್ಷಗಳದ್ದಾದರೂ ವಾಸ್ತವ್ಯದ ಅನುಮತಿ ಆರು ತಿಂಗಳಷ್ಟೇ ಇರಬಹುದು. ಅಲ್ಲಿ 180 ದಿನಗಳಿಗಿಂತ ಹೆಚ್ಚು ಕಾಲ ಅನಧಿಕೃತವಾಗಿ ಉಳಿದು ಹೋದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ 10 ವರ್ಷ ಮರುಪ್ರವೇಶಕ್ಕೆ ತಡೆಯಿದೆ. ಎಸ್ಟಾದ ಮೇಲೆ ಬಂದು 90 ದಿನಗಳನ್ನು ಮೀರಿದವರು ಮುಂದೆ ಆ ಸೌಲಭ್ಯವನ್ನೇ ಕಳೆದುಕೊಳ್ಳುತ್ತಾರೆ. ಇನ್ನು ಕೆಲವೆಡೆ ಮನೆಯಲ್ಲಿ ವಿದೇಶಿ ಅತಿಥಿ ಇರುವುದನ್ನು ಅಧಿಕಾರಿಗಳಿಗೆ ತಿಳಿಸುವುದು ಆತಿಥೇಯರ ಕರ್ತವ್ಯ: ಭಾರತ ಮತ್ತು ಥಾಯ್ಲೆಂಡ್‌ಗಳಲ್ಲಿ 24 ಗಂಟೆಗಳೊಳಗೆ, ಇಟಲಿಯಲ್ಲಿ 48 ಗಂಟೆಗಳೊಳಗೆ.

ವೀಸಾ ತಿರಸ್ಕಾರವಾದರೆ ಕಾರಣವನ್ನು ಮೊದಲು ಓದಿ. ಷೆಂಗೆನ್ ತಿರಸ್ಕಾರ ನಿಗದಿತ ನಮೂನೆಯಲ್ಲಿ ಕಾರಣಸಹಿತ ಬರುತ್ತದೆ, ಮೇಲ್ಮನವಿಗೆ ಅವಕಾಶವಿದೆ. ಅಮೆರಿಕದ 214(ಬಿ) ತಿರಸ್ಕಾರಕ್ಕೆ ಮೇಲ್ಮನವಿ ಇಲ್ಲ, ಹೊಸ ಅರ್ಜಿ ಮಾತ್ರ. ಪರಿಸ್ಥಿತಿಯಲ್ಲಾಗಲಿ ದಾಖಲೆಗಳಲ್ಲಾಗಲಿ ಏನೂ ಬದಲಾಗದೆ ಮರುವಾರವೇ ಅದೇ ಕಡತವನ್ನು ಮತ್ತೆ ಒಪ್ಪಿಸಿದರೆ ಶುಲ್ಕ ಮಾತ್ರ ಹೋಗುತ್ತದೆ. ಮುಂದಿನ ಯಾವುದೇ ದೇಶದ ಅರ್ಜಿಯಲ್ಲಿ ‘ಹಿಂದೆ ವೀಸಾ ತಿರಸ್ಕಾರವಾಗಿದೆಯೇ’ ಎಂದು ಕೇಳಿದಾಗ ಹೌದೆಂದೇ ಬರೆದು ಕಾರಣವನ್ನು ವಿವರಿಸಬೇಕು. ಭೇಟಿ ಯಶಸ್ವಿಯಾಗಿ ಮುಗಿದವರು ಬೋರ್ಡಿಂಗ್ ಪಾಸ್, ನಿರ್ಗಮನದ ಮೊಹರಿನ ಪ್ರತಿ, ವಿಮೆ ಮತ್ತು ಆಹ್ವಾನ ಪತ್ರವನ್ನು ಒಟ್ಟಿಗೆ ತೆಗೆದಿಡಲಿ: ಹೇಳಿದ ದಿನ ಹಿಂದಿರುಗಿದ್ದಕ್ಕೆ ಮುಂದಿನ ಅರ್ಜಿಯಲ್ಲಿ ತೋರಿಸಬಹುದಾದ ಪುರಾವೆ ಅವೇ.